ಓಡಿಸದೆ ಬಿಟ್ಟ ಮೊದಲ ಚೌಕ

ಕಾಕುವಿನ ಕಾಲು ಬಾತದ್ದನ್ನು ಮೊದಲು ಕಂಡವಳು ನಾನೇ. ಭಾನುವಾರ ಬೆಳಿಗ್ಗೆ, ಡೊಂಬಿವಲಿಯ ನಮ್ಮ ಚಾಳಿನ ಗ್ಯಾಲರಿಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಚಪ್ಪಲಿಯ ಪಟ್ಟಿ ಪಾದದೊಳಗೆ ಹೂತುಹೋಗಿತ್ತು.

ಕಾಕು ಪಕ್ಕದ ಮನೆಯವಳು, ವಿಜಯಪುರದ ಕಡೆಯಾಕೆ. ನಮ್ಮದು ಕರಾವಳಿಯ ಸಂಸಾರ. ಅಪ್ಪ ಹೋಟೆಲಿಗೆ, ಅಮ್ಮ ಹೊಲಿಗೆಯ ಕಾರ್ಖಾನೆಗೆ ಹೋದರೆ, ಶಾಲೆ ಬಿಟ್ಟು ಬಂದ ನನಗೆ ಬಿಸಿ ರೊಟ್ಟಿ ಹಾಕುತ್ತಿದ್ದವಳು ಅವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ. ನಾನು ಕನ್ನಡ ಕಲಿತದ್ದು ಕಾಕುವಿನ ಒಲೆಯ ಮುಂದೆ, ಬೈಸಿಕೊಳ್ಳುತ್ತ.

“ಕಾಕು, ಇನ್ನೂ ಮೊಣಕಾಲಿನ ಗುಳಿಗಿ ನುಂಗಾಕತ್ತೀಯೇನ?”

“ಮತ್ತ? ನೋವು ಸುಮ್ನ ಬಿಡ್ತದೇನು? ದಿನಾ ಎರಡು. ಫೋನ್ ಬರಲಿಲ್ಲಂದ್ರ ಎಲ್ಲಾ ಆರಾಮ ಅಂತ ನೀನ ಹೇಳಿದ್ದಿ.”

ಹೇಳಿದ್ದೆ.

ಇದು ಎರಡು ಸಾವಿರದ ಹದಿನಾರು, ಹದಿನೇಳರ ಸುಮಾರಿನ ಮಾತು. ಆಗ ನಾನು ನವಿ ಮುಂಬೈಯ ಐರೋಲಿಯಲ್ಲಿ, ರಕ್ತ ತಪಾಸಣೆ ಮಾಡುವ ಒಂದು ಲ್ಯಾಬಿನ ಕಚೇರಿಯಲ್ಲಿದ್ದೆ. ಮೂರು ತಿಂಗಳ ಹಿಂದೆ ನಮ್ಮವರು ಠಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿ ಉಚಿತ ಶಿಬಿರ ನಡೆಸಿದ್ದರು. ಸೂಜಿ ಎಂದರೆ ಹೆದರುವ ಕಾಕುವನ್ನು ಕೈಹಿಡಿದು ಕರೆದೊಯ್ದವಳು ನಾನೇ. “ಈ ನೋವಿನ ಗುಳಿಗೆ ಕಿಡ್ನಿಗೆ ಒಳ್ಳೆಯದಲ್ಲ, ರಕ್ತದ ಫಲಿತಾಂಶ ನೋಡಿ ನಿಲ್ಲಿಸುವುದೋ ಬೇಡವೋ ಹೇಳೋಣ” ಎಂದಿದ್ದರು ಅಲ್ಲಿನ ಡಾಕ್ಟರು. ಎಲ್ಲರಿಗೂ ವರದಿ ಕೊಡುವ ಏರ್ಪಾಡು ಇರಲಿಲ್ಲ. ಏರುಪೇರು ಕಂಡವರಿಗೆ ಮಾತ್ರ ಫೋನು.

ಯಾರಿಗೆ ಫೋನು ಎಂಬ ಪಟ್ಟಿ ತೆಗೆಯುವುದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ನಾವು ‘ನೋಟ್‌ಬುಕ್’ ಎನ್ನುತ್ತಿದ್ದ ಒಂದು ಪುಟ. ಅದರಲ್ಲಿ ಒಂದರ ಕೆಳಗೊಂದು ಚೌಕ. ಮೊದಲ ಚೌಕದಲ್ಲಿ ಊರುಗಳ ಹೆಸರು, ಕೆಳಗಿನದರಲ್ಲಿ ಆ ಊರುಗಳಲ್ಲಿ ಯಾರ ರಕ್ತದಲ್ಲಿ ಏರುಪೇರು ಎಂದು ಡೇಟಾಬೇಸಿಗೆ ಕೇಳುವ ಪ್ರಶ್ನೆ. ಪ್ರತಿ ಚೌಕವನ್ನೂ ಗುಂಡಿ ಒತ್ತಿ ಬೇರೆ ಬೇರೆ ಓಡಿಸಬೇಕು, ಆಗಲೇ ಯಂತ್ರ ಅದನ್ನು ಓದುವುದು. ಬರೆದು ಓಡಿಸದೆ ಬಿಟ್ಟರೆ, ಪರದೆಯ ಮೇಲೆ ಹೊಸದು ಕಾಣುತ್ತದೆ, ಯಂತ್ರದ ತಲೆಯಲ್ಲಿ ಹಳೆಯದೇ ಇರುತ್ತದೆ. ಹೊಸದಾಗಿ ಸೇರಿದವರಿಗೆ ಇದನ್ನು ದೊಡ್ಡ ಗಂಟಲಿನಲ್ಲಿ ಪಾಠ ಹೇಳುತ್ತಿದ್ದ ಮಹಾತಾಯಿ ನಾನು!

ಆ ದಿನ ಬೇಗ ಪರೀಕ್ಷಿಸಿ ನೋಡಲೆಂದು ಮೊದಲು ಠಾಣೆ ಒಂದನ್ನೇ ಹಾಕಿ ಓಡಿಸಿದ್ದೆ. ಸರಿಯಾಗಿತ್ತು. ಆಮೇಲೆ ಕಲ್ಯಾಣ, ಡೊಂಬಿವಲಿ ಎಂದು ಸೇರಿಸಿದೆ. ಅಷ್ಟರಲ್ಲಿ ಗಡಿಯಾರ ನೋಡಿದೆ. ಐರೋಲಿಯಿಂದ ಠಾಣೆಗೆ ಹೋಗಿ, ಅಲ್ಲಿ ಸೇತುವೆ ಹತ್ತಿ ಇಳಿದು ಕಲ್ಯಾಣದ ಫಾಸ್ಟ್ ಲೋಕಲ್ ಹಿಡಿಯಬೇಕು. ಅದು ತಪ್ಪಿದರೆ ಮುಂದಿನದರಲ್ಲಿ ಕಾಲಿಡಲೂ ಜಾಗವಿಲ್ಲ. ಕೆಳಗಿನ ಚೌಕವನ್ನಷ್ಟೇ ಓಡಿಸಿದೆ. ಹತ್ತೊಂಬತ್ತು ಹೆಸರು ಬಂತು. ಅಯ್ಯೋ, ಇಷ್ಟೇನಾ ಎಂದು ಖುಷಿಪಟ್ಟು, ಫೋನು ಮಾಡುವವರಿಗೆ ಕಳಿಸಿ, ಚೀಲ ಹೆಗಲಿಗೇರಿಸಿ ಓಡಿದೆ. ಅವತ್ತು ಕಿಟಕಿಯ ಸೀಟೇ ಸಿಕ್ಕಿತ್ತು. ಥೂ!

ಸೋಮವಾರ ಕಚೇರಿಯಲ್ಲಿ ಆ ನೋಟ್‌ಬುಕ್ ತೆರೆದೆ. ಯಾವ ಚೌಕ ಎಷ್ಟನೆಯದಾಗಿ ಓಡಿತು ಎಂಬುದಕ್ಕೆ ಎಡಗಡೆ ಸಣ್ಣ ಅಂಕಿ ಇರುತ್ತದೆ. ಊರುಗಳ ಚೌಕದ ಪಕ್ಕ ಮೂರು, ಕೆಳಗಿನದಕ್ಕೆ ಹನ್ನೊಂದು. ಮೇಲಿನದನ್ನು ಬದಲಾಯಿಸಿದ ಮೇಲೆ ನಾನು ಓಡಿಸಿಯೇ ಇರಲಿಲ್ಲ. ಮೇಲಿನಿಂದ ಎಲ್ಲವನ್ನೂ ಓಡಿಸಿದೆ. ಪಟ್ಟಿ ಉದ್ದವಾಯಿತು. ಡೊಂಬಿವಲಿಯವರಲ್ಲಿ ಏಳನೆಯ ಹೆಸರು ಕಾಕುವಿನದು.

ಬಾಸ್ ಮುಂದೆ ಹೋಗಿ ನಿಂತೆ. ನಿಜ ಹೇಳಲೆಂದೇ ಹೋಗಿದ್ದೆ, ಆಣೆಗೂ. ಬಾಯಿಂದ ಬಂದದ್ದು, “ಸರ್, ಕಲ್ಯಾಣ, ಡೊಂಬಿವಲಿ ಡೇಟಾ ಲೇಟಾಗಿ ಬಂದಿದೆ.”

“ಚಲೋ, ಠೀಕ್ ಹೈ. ಆಜ್ ಹೀ ಸಬ್ ಕೋ ಕಾಲ್ ಲಗಾವೋ” ಎಂದು ಅವರು ಚಹಾ ಕುಡಿದರು. ಅಷ್ಟೇ. ಒಂದು ಬೈಗುಳವೂ ಇಲ್ಲ.

ಅವರು ಹೇಳಿದಂತೆ ಅವತ್ತೇ ಎಲ್ಲರಿಗೂ ನಾನೇ ಫೋನು ಮಾಡಿದೆ, ಮೊದಲು ಕಾಕುವಿಗೆ. ಮರುದಿನ ಅವಳನ್ನು ಆಸ್ಪತ್ರೆಗೆ ಒಯ್ದೆ. ಹೊಸ ರಕ್ತಪರೀಕ್ಷೆ ನೋಡಿದ ಡಾಕ್ಟರು ಗುಳಿಗೆಯ ಖಾಲಿ ಪಟ್ಟಿಗಳನ್ನು ಮೇಜಿನ ಮೇಲೆ ಹರವಿ, “ಮೂರು ತಿಂಗಳ ಹಿಂದೆ ನಿಲ್ಲಿಸಿದ್ದರೆ ಇಷ್ಟು ಕೆಡುತ್ತಿರಲಿಲ್ಲ” ಎಂದರು. ಮರಾಠಿಯಲ್ಲಿ ಹೇಳಿದ್ದನ್ನು ಕಾಕುವಿಗೆ ಕನ್ನಡದಲ್ಲಿ ಹೇಳಬೇಕಾದವಳು ನಾನು. “ಗುಳಿಗಿ ನಿಲ್ಲಸ್ಬೇಕಂತ” ಎಂದಷ್ಟೇ ಹೇಳಿದೆ. ಉಳಿದದ್ದನ್ನು ನುಂಗಿಕೊಂಡೆ.

ಆಮೇಲೆ ವಾರಕ್ಕೆರಡು ಸಲ ಕಲ್ಯಾಣದಲ್ಲಿ ಡಯಾಲಿಸಿಸ್. ಶನಿವಾರ ನಾನು ಜೊತೆಗೆ ಹೋಗುತ್ತಿದ್ದೆ. ಪುಣ್ಯಾತ್ಗಿತ್ತಿ ಸೂಜಿ ಚುಚ್ಚಿಸಿಕೊಳ್ಳುವಾಗ ನನ್ನ ಕೈಯನ್ನೇ ಹಿಡಿಯುತ್ತಿದ್ದಳು. ನರ್ಸಿಗೆ, ಪಕ್ಕದ ಹಾಸಿಗೆಯವರಿಗೆ, ಅವರಿಗೆ ಕನ್ನಡ ತಿಳಿಯಲಿ ಬಿಡಲಿ, ಒಂದೇ ಕಥೆ: “ಈಕಿ ಹುಡುಕಿ ಫೋನ್ ಮಾಡಿದ್ಲು ಅಂತ ಜೀವ ಉಳೀತು. ನಮ್ಮ ಹುಡುಗಿ.”

ಹೇಳಿಬಿಡಬೇಕು ಎಂದು ಪ್ರತಿ ಶನಿವಾರ ಹೊರಡುತ್ತಿದ್ದೆ. ಮರಳಿ ಬರುವಾಗ ಅವಳು ಸುಸ್ತಾಗಿರುತ್ತಿದ್ದಳು. ನನಗೆ ಅದೊಂದು ನೆಪ.

ಮರುವರ್ಷ ಮತ್ತೆ ಶಿಬಿರ ಬಂತು. ಕೆಳಗಿನ ಮನೆಯ ಕಲಬುರಗಿಯ ಹೆಂಗಸು ಗ್ಯಾಲರಿಗೆ ಬಂದು, ರಕ್ತ ಕೊಡಲು ಹೆದರಿಕೆ, ಏನು ಬರುತ್ತದೋ ಏನೋ ಎಂದು ಕಾಕುವಿನ ಹತ್ತಿರ ಅಳುಕುತ್ತಿದ್ದಳು. ನಾನು ಬಾಗಿಲಲ್ಲಿದ್ದೆ. ಕಾಕು ಬಾತ ಕಾಲು ಚಾಚಿ ಕೂತು, ನನ್ನತ್ತ ಕೈತೋರಿಸಿ ನಕ್ಕಳು.

“ಅಂಜಬ್ಯಾಡವಾ. ಅಲ್ಲಿ ನಮ್ಮ ಹುಡುಗಿ ಕುಂತಾಳ. ಫೋನ್ ಬರಲಿಲ್ಲಂದ್ರ ಎಲ್ಲಾ ಆರಾಮ ಅಂತ ತಿಳ್ಕೋ.”

ಆ ಹೆಂಗಸು ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ.