ಚಿಗವ್ವನ ಒಡಪು

ಮದುವೆ ವಿಡಿಯೋ ಮಾಡಿ ಹೊಟ್ಟೆ ಹೊರೆಯುವವನ ಮನೆಯ ಕಾರ್ಯಕ್ಕೆ ವಿಡಿಯೋದವನೇ ಇರುವುದಿಲ್ಲ. ನನ್ನ ಬಸುರಿ ತಂಗಿಯ ಕುಬಸದ ದಿನ ನಾನು ನರಗುಂದದಲ್ಲಿ, ಯಾರದೋ ಮದುವೆಯಲ್ಲಿ, ದೊಡ್ಡ ಕ್ಯಾಮೆರಾ ಹೊತ್ತು ಬೀಗರ ಹಿಂದೆ ಓಡಾಡುತ್ತಿದ್ದೆ. ಕುಬಸ ನಡೆದದ್ದು ನರೇಗಲ್ಲಿನ ನಮ್ಮ ಕಾಕಾನ ಮನೆಯಲ್ಲಿ. ಕಿಸೆಯಲ್ಲಿ ಹಿಡಿಸುವಂಥ ಪುಟ್ಟ ಕ್ಯಾಮ್‌ಕಾರ್ಡರೊಂದನ್ನು ಹೆಂಡತಿಯ ಕೈಗೆ ಕೊಟ್ಟು, ಕೆಂಪು ಗುಂಡಿ ಒತ್ತು, ಕೈ ಅಲುಗಾಡಿಸಬೇಡ ಎಂದು ಬಾಯಿ ನೋಯುವಷ್ಟು ಹೇಳಿ ಹೋಗಿದ್ದೆ. ಗುಂಡಿಯನ್ನೇನೋ ಒತ್ತಿದ್ದಳು.

ಗಜೇಂದ್ರಗಡದ ನನ್ನ ಅಂಗಡಿಯ ಕಂಪ್ಯೂಟರಿಗೆ ಅದನ್ನು ಹಾಕಿ ನೋಡಿದೆ. ನೆಲ, ಫ್ಯಾನು, ಯಾರದೋ ಬೆನ್ನು, ಮತ್ತೆ ನೆಲ. ತಂಗಿಗೆ ಹಸಿರು ಬಳೆ ತೊಡಿಸಿ ಕೂರಿಸಿದ್ದಾರೆಂದು ತಿಳಿಯುವುದು ಬರೀ ಸಪ್ಪಳದಿಂದ. ಸಿನಿಮಾದವರು ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ನನ್ನಲ್ಲಿದೆ, ಖರೆ. ಆದರೆ ಮುಗ್ಗಿದ ಹಿಟ್ಟು ಕೊಟ್ಟು ಹೋಳಿಗೆ ಮಾಡು ಎಂದರೆ ಅದಾದರೂ ಏನು ಮಾಡೀತು?

ಮರುದಿನವೇ ಕಾಕಾ ನರೇಗಲ್ಲಿನಿಂದ ಬಸ್ಸು ಹತ್ತಿ ಬಂದ. ಅವನಿಗೆ ಪೂರ್ತಿ ವಿಡಿಯೋ ಬೇಕಿರಲಿಲ್ಲ.

“ನಿಮ್ಮ ಚಿಗವ್ವ ನನ್ನ ಹೆಸರ ಹೇಳ್ಯಾಳಂತಲ್ಲೋ ತಮ್ಮಾ. ಅಷ್ಟ ಕೇಳಸು.”

ಇದು ಸಣ್ಣ ಮಾತಲ್ಲ. ಗಂಡನ ಹೆಸರು ಹೇಳದ ಹೆಂಗಸರು ನಮ್ಮ ಕಡೆ ಇನ್ನೂ ಇದ್ದಾರೆ. ಆದರೆ ಕಾರ್ಯಗಳಲ್ಲಿ ಉಳಿದವರು ಗಂಟುಬಿದ್ದರೆ ಒಂದು ಒಡಪು ಕಟ್ಟಿ, ಅದರ ಕೊನೆಗೆ ಹೆಸರು ಸೇರಿಸಿ, ನಾಚಿಕೊಂಡಾದರೂ ಹೇಳಿಬಿಡುತ್ತಾರೆ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಅದಕ್ಕೂ ಜಗ್ಗಿದವಳಲ್ಲ. ದವಾಖಾನೆಯಲ್ಲಿ ಗಂಡನ ಹೆಸರು ಕೇಳಿದರೆ ಗೋಡೆಯ ಕ್ಯಾಲೆಂಡರಿನ ದೇವರತ್ತ ಬೆರಳು ಮಾಡುತ್ತಾಳೆ. ಆ ದೇವರ ಗುಡಿಗೆ ಹೊರಟರೂ ‘ಹಳ್ಳದ ದಂಡಿ ಗುಡಿಗೆ ಹೋಗಿ ಬರ್ತೇನಿ’ ಎನ್ನುತ್ತಾಳೆ. ಅಂಥವಳು ತಂಗಿಯ ಕುಬಸದಲ್ಲಿ, ‘ನೀ ಹೆಸರ ಹೇಳೂತನಾ ನಾ ಉಣ್ಣೂದಿಲ್ಲ’ ಎಂದು ಬಸುರಿ ಹಟ ಹಿಡಿದದ್ದಕ್ಕೆ, ಒಡಪು ಹಾಕಿದಳಂತೆ. ಆಗ ಕಾಕಾ ಹೊರಗೆ ಚಪ್ಪರದಲ್ಲಿ ಗಂಡಸರಿಗೆ ಬಡಿಸುತ್ತಿದ್ದ.

“ಕಿವಿ ದಿನಾ ಮಂದ ಆಗಾಕ ಹತ್ಯಾವು,” ಎಂದ ಕಾಕಾ. “ಪೂರಾ ಹೋಗೂದ್ರೊಳಗ ಒಮ್ಮೆ ಆಕಿ ಬಾಯಿಲೆ ಕೇಳ್ಬೇಕು.”

ಆ ಜಾಗ ಹುಡುಕಿದೆ. ಪುಣ್ಯಕ್ಕೆ ಅಲ್ಲಿ ಕ್ಯಾಮೆರಾ ನೆಟ್ಟಗೆ ನಿಂತಿತ್ತು, ಚಿಗವ್ವನ ಮುಖ ಚೊಕ್ಕಾಗಿ ಬಂದಿತ್ತು. ಅವಳು ಕತ್ತು ಬಗ್ಗಿಸಿ ಶುರುಮಾಡಿದಳು.

“ಹಗೇವಿನ ಜ್ವಾಳ ತಗದೆ, ಹಿಟ್ಟ ನಾದಿ ರೊಟ್ಟಿ ಬಡದೆ, ಉಣ್ಣಾಕ ಬರ್ರೆಂದು ಯಾರನ್ನ ಕರದೆ...”

ಇನ್ನೇನು ಹೆಸರು ಬರಬೇಕು, “ಹೇಳಿದ್ಳವ್ವಾ, ಹೇಳೇಬಿಟ್ಳು!” ಎಂದು ನನ್ನ ಹೆಂಡತಿ ಕಿವಿ ಹರಿಯುವಂತೆ ಒದರಿದಳು. ಅವಳ ಬೆನ್ನಿಗೇ ಇಡೀ ಮನೆಯ ಹೆಂಗಸರು ಹೋ ಎಂದರು. ಮೈಕ್ ಇದ್ದದ್ದು ಹೆಂಡತಿಯ ಕೈಯಲ್ಲಿನ ಕ್ಯಾಮೆರಾದಲ್ಲೇ. ಉಳಿದದ್ದು ನೀವೇ ತಿಳಿದುಕೊಳ್ಳಿ.

ಮನೆಗೆ ಹೋದವನೇ ಜಗಳ ತೆಗೆದೆ. “ಆಕಿ ಹೇಳೂದಕ್ಕಿಂತ ಮೊದ್ಲ ನೀ ಯಾಕ ಒದರಿದಿ?”

“ಖುಷಿ ಆತು, ಒದರಿದೆ. ನಿಮ್ಮಂಗ ಮಾರಿ ಗಂಟ ಹಾಕ್ಕೊಂಡ ಕುಂದರ್ಬೇಕಾಗಿತ್ತೇನು?”

“ಹೆಸರರೇ ನೀ ಖರೇ ಕೇಳಿದೇನು?”

“ಎಲ್ಲಾರೂ ಕೇಳ್ಯಾರ.”

ಈ ಉತ್ತರವನ್ನು ನಾನು ಎಡಿಟಿಂಗಿನ ಯಾವ ಟೈಮ್‌ಲೈನಿನಲ್ಲಿ ಜೋಡಿಸಲಿ? ದಿನವೂ ಆ ಎರಡು ಕ್ಷಣದ ದನಿಯನ್ನು ಜಾಲಾಡಿದೆ. ಹೆಂಡತಿಯ ದನಿ ಇಳಿಸಿದರೆ ಅದರ ಜೊತೆಗೇ ಎಲ್ಲರ ದನಿಯೂ ಇಳಿಯುತ್ತಿತ್ತು. ಹೆಂಡತಿಯನ್ನು ಅಳಿಸಿದರೆ ಚಿಗವ್ವನೂ ಅಳಿಸಿಹೋಗುತ್ತಿದ್ದಳು. ಕಾಕಾ ದಿನವೂ ಬರುತ್ತಿದ್ದ. ಪಕ್ಕದ ಕುರ್ಚಿಯಲ್ಲಿ ಕೂತು, ಹೆಡ್‌ಫೋನನ್ನು ಟೊಪ್ಪಿಗೆಯ ಮೇಲೇ ಏರಿಸಿಕೊಂಡು, “ಇನ್ನೊಮ್ಮೆ ಹಾಕು” ಎನ್ನುತ್ತಿದ್ದ. ಅತ್ತ ಪುರ್ತಗೇರಿಯ ಮದುಮಗ ಫೋನು ಮಾಡಿ, “ನಮ್ಮ ಮದುವಿ ವಿಡಿಯೋ ಕೂಸು ಹುಟ್ಟಿದ ಮ್ಯಾಲ ಕೊಡ್ತೀರೇನ್ರಿ?” ಎಂದು ಕೇಳುತ್ತಿದ್ದ. ನನಗೆ ಸಾಕುಸಾಕಾಗಿತ್ತು.

ಕೊನೆಗೆ ಚಿಗವ್ವನಿಗೇ ಫೋನು ಹಚ್ಚಿದೆ. ಇನ್ನೊಮ್ಮೆ ಹೇಳಿಬಿಡು, ರೆಕಾರ್ಡ್ ಮಾಡಿಕೊಂಡು ಜೋಡಿಸುತ್ತೇನೆ ಎಂದೆ.

“ಒಮ್ಮೆ ಹೇಳಿದ್ದು ಸಾಲ್ಲಿಲ್ಲೇನು? ನಿನ್ನ ಮಿಷಿನ್ ಕೆಟ್ಟಿದ್ರ ರಿಪೇರಿ ಮಾಡ್ಸು,” ಎಂದು ಫೋನು ಇಟ್ಟೇಬಿಟ್ಟಳು.

ಬರೀ ದನಿ ಜಾಲಾಡುವುದನ್ನು ಬಿಟ್ಟು, ಕಡೆಯ ಪ್ರಯತ್ನವೆಂದು ಚಿತ್ರವನ್ನು ಒಂದೊಂದೇ ಫ್ರೇಮಿನಂತೆ ಸರಿಸುತ್ತ ಹೋದೆ. ತುಟಿಗಳ ಚಲನೆಯ ಮೇಲೆ ಹೆಸರು ಎಲ್ಲಿ ಶುರುವಾಗುತ್ತದೆಂದು ಗುರುತಿಸಿದರೆ, ಅಲ್ಲಿಯ ದನಿಯನ್ನಷ್ಟೇ ಎತ್ತಬಹುದು ಎಂಬ ಲೆಕ್ಕ ನನ್ನದು. ಕಾಕಾನ ಹೆಸರನ್ನು ಹೇಳಬೇಕೆಂದರೆ ಮೊದಲು ತುಟಿ ಕೂಡಲೇಬೇಕು. ಅದರ ಮೊದಲ ಅಕ್ಷರವೇ ಅಂಥದ್ದು. ಚಿಗವ್ವ ‘ಕರದೆ’ ಎಂದಳು. ಅಕ್ಕಪಕ್ಕದ ಹೆಂಗಸರ ಬಾಯಿಗಳು ತೆರೆದವು. ಚಿಗವ್ವ ಸುತ್ತ ನೋಡಿದಳು, ನಕ್ಕಳು, ಸೆರಗನ್ನು ಹಣೆಯ ಮೇಲೆ ಎಳೆದುಕೊಂಡಳು. ಹಿಂದಕ್ಕೆ ಸರಿಸಿದೆ, ಮುಂದಕ್ಕೆ ಸರಿಸಿದೆ. ತುಟಿ ಒಮ್ಮೆಯೂ ಕೂಡಲಿಲ್ಲ.

ಹೇಳಿದಳು ಎಂದು ಉಳಿದವರೇ ಒದರಿದ್ದರು, ಅವಳು ತೆಪ್ಪಗೆ ಪಾರಾಗಿದ್ದಳು. ನಾನು ಇಷ್ಟು ದಿನ ಇಲ್ಲದ ಹೆಸರನ್ನು ಹುಡುಕುತ್ತಿದ್ದೆ! ಹೆಂಡತಿಯ ಮೇಲೆ, ಚಿಗವ್ವನ ಮೇಲೆ, ಆ ಕ್ಯಾಮೆರಾದ ಮೇಲೆ ಒಟ್ಟಿಗೇ ಸಿಟ್ಟು ಬಂತು. ಆದರೆ ಪಕ್ಕದಲ್ಲಿ ಕಾಕಾ ಕೂತಿದ್ದ. ಅವನಿಗೆ ಹೇಗೆ ಹೇಳುವುದು?

“ಇದು ಆಗೂದಿಲ್ಲ ಕಾಕಾ. ಕ್ಯಾಮೆರಾ ಕೆಟ್ಟೈತಿ,” ಎಂದೆ.

ಕಾಕಾ ಹೆಡ್‌ಫೋನ್ ತೆಗೆದಿಟ್ಟ. ನಾನು ಹೇಳಿದ್ದನ್ನು ನನ್ನ ಬಾಯಿ ನೋಡಿಯೇ ತಿಳಿದುಕೊಂಡಿದ್ದ.

“ಕ್ಯಾಮೆರಾ ಚಲೋ ಐತಿ ಬಿಡು. ಆಕಿ ತುಟಿ ಕೂಡಿಲ್ಲ. ನಾ ಮೊದಲ್ನೇ ದಿನಾನ ನೋಡೇನಿ.”

“ಮತ್ತ ದಿನಾ ಯಾಕ ಬಂದಿ?” ಸಿಟ್ಟಿನಲ್ಲಿ ನನ್ನ ದನಿ ಏರಿಯೇಬಿಟ್ಟಿತು.

“ನನ್ನ ಕಣ್ಣು ತಪ್ಪಿರಬೇಕು ಅನ್ಕೊಂಡೆ. ನಿನ್ನ ಕಿವಿ ಚಲೋ ಅದಾವು, ನಿನಗರೇ ಕೇಳ್ಸೀತು ಅಂತ ಬಂದೆ.”

ಬಹಳ ಕೆಟ್ಟೆನಿಸಿತು. ಆ ಗದ್ದಲವನ್ನಷ್ಟೇ ಕತ್ತರಿಸಿ ತೆಗೆದು, ಅಲ್ಲೊಂದು ಶಹನಾಯಿ ಹಾಕುತ್ತೇನೆ ಎಂದೆ.

“ತಗೀಬ್ಯಾಡ,” ಎಂದು ಕಾಕಾ ಮೌಸಿನ ಮೇಲಿದ್ದ ನನ್ನ ಕೈ ಹಿಡಿದ. “ಅದನ್ನ ತಗದ್ರ ಆಕಿ ಹೇಳಿಲ್ಲಂತ ಎಲ್ಲಾರಿಗೂ ಗೊತ್ತಾಗ್ತೈತಿ.”

ಹೆಂಡತಿಯ ಕೂಗನ್ನು ಇದ್ದಲ್ಲೇ ಬಿಟ್ಟೆ. ದನಿಯನ್ನು ತುಸು ಏರಿಸಿದೆ ಕೂಡ.