ಮೆಂತ್ಯ ಹಾಕಿ ರುಬ್ಬಿದ ಕಾಗದ

ಮೈಮೇಲೆ ಬರುವುದು, ಗಾಳಿ ಸೋಕುವುದು, ಇಂಥದ್ದನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಕಚೇರಿಯಲ್ಲಿ ಊಟದ ಹೊತ್ತಿಗೆ ಯಾರಾದರೂ ಆ ಮಾತು ತೆಗೆದರೆ, ಅದೆಲ್ಲ ಕೆಲಸವಿಲ್ಲದವರ ಮೈಮೇಲೆ ಬರುತ್ತದೆ, ನಮ್ಮ ಮೈಮೇಲೆ ಬರೀ ಫೈಲು ಬರುತ್ತದೆ ಎಂದು ಎಲ್ಲರನ್ನೂ ನಗಿಸುತ್ತಿದ್ದೆ. ಈಗ ಹಾಗೆ ನಗಿಸುವ ಧೈರ್ಯ ನನಗಿಲ್ಲ. ನಾಲ್ಕು ವರ್ಷದ ಹಿಂದೆ, ಹಾಡುಹಗಲಲ್ಲಿ, ಮೂವತ್ತು ನಲವತ್ತು ಜನರ ಎದುರಿಗೆ, ನಾನು ಎತ್ತಿ ಆಡಿಸಿದ ಹುಡುಗಿಯ ಬಲಗೈಯನ್ನು ನಾನೇ ಹೊಡೆದು ಮುರಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಸರ್ಕಾರಿ ಕೆಲಸದಿಂದ ನಿವೃತ್ತಳಾದ ಮೇಲೂ ನಾನು ಊರಿಗೆ ಹೋಗದೆ ದೆಹಲಿಯ ರೋಹಿಣಿ ಬಡಾವಣೆಯಲ್ಲೇ ಉಳಿದೆ. ನಮ್ಮ ಮೇಲಿನ ಮನೆಯಲ್ಲಿ ರಘುನಾಥ, ಅವನ ಹೆಂಡತಿ ವಿಮಲಾ. ಅವರೂ ನಮ್ಮ ತುಮಕೂರಿನ ಕಡೆಯವರೇ. ಅವರ ಒಬ್ಬಳೇ ಮಗಳು ಮೇಘನಾ ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಮೂರು ಮಾತಿಗೆ ಎರಡು ಹಿಂದಿ. ನನ್ನನ್ನು ಮಾತ್ರ ಬಾಯ್ತುಂಬ ದೊಡ್ಡಮ್ಮ ಎನ್ನುತ್ತಿದ್ದಳು. ಚಿತ್ರಕಲಾ ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದಳು. ರಘುನಾಥನಿಗೆ ಅದು ಸರಿಬಂದಿರಲಿಲ್ಲ. ಬ್ಯಾಂಕ್ ಪರೀಕ್ಷೆಗೆ ಕೂರು ಎಂದು ದಿನಾ ಒಂದೇ ಗಲಾಟೆ. ಕೊನೆಗೆ ನಾನು ನಡುವೆ ಬಾಯಿ ಹಾಕಿ ಒಂದು ಒಪ್ಪಂದ ಮಾಡಿಸಿದೆ. ನಮ್ಮ ಸೆಕ್ಟರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮೇ ತಿಂಗಳಲ್ಲಿ ಸ್ಥಳೀಯ ಕಲಾವಿದರದೂ ಕಲಾ ವಿದ್ಯಾರ್ಥಿಗಳದೂ ಮೂರು ದಿನದ ಪ್ರದರ್ಶನ ಇತ್ತು. ಅಲ್ಲಿ ಮಗಳ ಕೆಲಸವನ್ನು ಕಣ್ಣಾರೆ ನೋಡಿ ಆಮೇಲೆ ತೀರ್ಮಾನ ಹೇಳುತ್ತೇನೆ ಎಂದು ಅವನು ಒಪ್ಪಿದ. ಹುಡುಗಿಯ ಮುಂದಿನ ಬಾಳೆಲ್ಲ ಆ ಒಂದು ಚಿತ್ರದ ಮೇಲೆ ನಿಂತಿತು.

ಮೇಘನಾಗೆ ಬಣ್ಣ, ಕ್ಯಾನ್ವಾಸು ಬೇಡವಾಗಿತ್ತು. ಗ್ರಂಥಾಲಯದ ಚಿತ್ರವನ್ನು ಗ್ರಂಥಾಲಯದ ರದ್ದಿಯಲ್ಲೇ ಮಾಡಬೇಕು ಎಂದು ಹಟ. ಕಾಗದವನ್ನು ಹೇಗೆ ಗಟ್ಟಿ ಮಾಡುವುದು ಎಂದು ಒದ್ದಾಡುತ್ತಿದ್ದಾಗ ನನಗೆ ಅಜ್ಜಿಯ ನೆನಪಾಯಿತು. ನಮ್ಮ ಅಜ್ಜಿ ಹಳೆಯ ಕಾಗದವನ್ನೂ ಮೆಂತ್ಯವನ್ನೂ ನೆನೆಹಾಕಿ, ರುಬ್ಬಿ, ಬಿದಿರಿನ ಮೊರಕ್ಕೂ ಬುಟ್ಟಿಗೂ ಮೆತ್ತುತ್ತಿದ್ದರು. ಒಣಗಿದರೆ ಹಲಗೆಯ ಹಾಗೆ ಗಟ್ಟಿ, ಹುಳ ಹತ್ತಿರ ಬರುತ್ತಿರಲಿಲ್ಲ. ಆ ವಿದ್ಯೆ ಕಲಿಸಿದವಳು ನಾನೇ. ರುಬ್ಬಿದವಳೂ ನಾನೇ.

ಗ್ರಂಥಪಾಲಕರಾದ ಶರ್ಮಾಜಿ ಹಳೆಯ ಪತ್ರಿಕೆಗಳನ್ನು ಕೊಡು ಎಂದು ಅಟೆಂಡರನಿಗೆ ಹೇಳಿದ್ದರು. ಅವನು ಬೀರುವಿನಲ್ಲಿದ್ದ ಕೆಂಪು ಬಟ್ಟೆಯ ಗಂಟೊಂದನ್ನೂ ಸೇರಿಸಿ ಕೊಟ್ಟುಬಿಟ್ಟ. ಓದಲು ಬಂದವರು ಮರೆತು ಹೋದ ಪುಸ್ತಕ, ಟಿಪ್ಪಣಿಗಳನ್ನು ಅಲ್ಲಿ ಹಾಗೆ ಗಂಟು ಕಟ್ಟಿ ಇಡುವ ಪದ್ಧತಿ. ಅದು ರದ್ದಿ ಅಲ್ಲ ಎಂದು ನಮಗೂ ಹೊಳೆಯಲಿಲ್ಲ. ಗಂಟಿನಲ್ಲಿ ಐದಾರು ದಪ್ಪ ನೋಟ್‌ಬುಕ್ಕುಗಳಿದ್ದವು, ಎಲ್ಲ ಒಬ್ಬನದೇ ಹಿಂದಿ ಕೈಬರಹ. ಹರಿಯುವಾಗ ಅಲ್ಲಲ್ಲಿ ಕಣ್ಣಾಡಿಸಿದೆ. 'ಇವತ್ತೂ ಅವನು ನನ್ನ ಕುರ್ಚಿಯಲ್ಲಿ ಕೂತಿದ್ದ.' ಪುಟ ತಿರುವಿದರೆ ಮತ್ತೆ ಅದೇ. ಪೆನ್ನು ಒತ್ತಿ ಒತ್ತಿ ಕೆಲವು ಕಡೆ ಕಾಗದ ತೂತಾಗಿತ್ತು.

"ದೊಡ್ಡಮ್ಮ, ಇವನ್ಯಾರೋ ಪಾಗಲ್ ಇರ್ಬೇಕು," ಎಂದು ಮೇಘನಾ ನಕ್ಕಳು. ನಾನೂ ನಕ್ಕು ಆ ಹಾಳೆಗಳನ್ನು ನೆನೆದ ಮೆಂತ್ಯದ ಜೊತೆ ಮಿಕ್ಸಿಗೆ ಹಾಕಿದೆ.

ನಾಲ್ಕಡಿ ಹಲಗೆಯ ಮೇಲೆ ಅವಳು ಆ ಮುದ್ದೆಯನ್ನು ಮೆತ್ತಿ ಚಿತ್ರ ಮಾಡಿದಳು. ಬೆನ್ನು ಹಾಕಿ ಕೂತು ಓದುತ್ತಿರುವ ಜನರ ಸಾಲು. ಒಬ್ಬರ ಮುಖವೂ ಕಾಣದು. ನೋಡಿದವರ ಕಾಲು ಅಲ್ಲೇ ನಿಲ್ಲುತ್ತಿತ್ತು, ಅಷ್ಟು ಚೆನ್ನಾಗಿತ್ತು. ಗೋಡೆಗೆ ಮೊಳೆ ಹೊಡೆಯುವಂತಿಲ್ಲ ಎಂಬ ನಿಯಮವಿದ್ದುದರಿಂದ ಪುಸ್ತಕದ ಕಪಾಟುಗಳಿಗೆ ಸುತಲಿ ದಾರದಲ್ಲಿ ಚಿತ್ರಗಳನ್ನು ಕಟ್ಟಿದ್ದರು. ಅರ್ಧ ವಾಚನಾಲಯವನ್ನು ಪ್ರದರ್ಶನ ನುಂಗಿತ್ತು. ಬೆಳಿಗ್ಗೆಯಿಂದ ಸಾಲು ನಿಂತು ಕುರ್ಚಿ ಹಿಡಿಯುವ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆ ಅದರಿಂದ ಮೊದಲೇ ಸಿಟ್ಟು.

ಮೊದಲ ದಿನವೇ ಮೇಘನಾಳ ಚಿತ್ರದ ಕೆಳಗೆ ಇಬ್ಬರು ಹುಡುಗರು ಒಂದು ಕುರ್ಚಿಗಾಗಿ ಬಡಿದಾಡಿಕೊಂಡರು. ಒಬ್ಬನ ಹಲ್ಲು ಮುರಿದು ನೆಲದ ಮೇಲೆಲ್ಲ ರಕ್ತ. ಎರಡನೇ ದಿನ ಅಲ್ಲೇ ಒಬ್ಬ ಹಿರಿಯ ಕಲಾವಿದರು, ತುಂಬ ಸಾಧು ಮನುಷ್ಯ, ಚಹಾ ತಂದವನ ಕೆನ್ನೆಗೆ ಬಾರಿಸಿ ಆಮೇಲೆ ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತ ನಿಂತರು. ಬಿಸಿಲು, ಕೂಲರು ಕೆಟ್ಟಿದೆ, ತಲೆ ಕೆಡುತ್ತದೆ ಎಂದು ಎಲ್ಲರೂ ಅಂದುಕೊಂಡೆವು.

ಮೂರನೇ ದಿನ ಶನಿವಾರ. ನಾಲ್ಕು ಗಂಟೆಗೆ ರಘುನಾಥ ಬರುವವನಿದ್ದ. ಹುಡುಗಿ ಹೆದರಿ ಬೆಳಗಿನಿಂದ ಏನೂ ತಿಂದಿಲ್ಲ ಎಂದು ವಿಮಲಾ ಹೇಳಿದಳು. ಮೂರರ ಹೊತ್ತಿಗೆ ನಾನು ಮೊಸರನ್ನದ ಡಬ್ಬಿ ಹಿಡಿದು ಹೋದೆ. ಮೇಘನಾ ತನ್ನ ಚಿತ್ರದ ಕೆಳಗೆ ವಾಚನಾಲಯದ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದಳು. ನನ್ನನ್ನು ಕಂಡು ಡಬ್ಬಿಗೆ ಕೈಚಾಚಿದಳು. ಅಲ್ಲಿಯವರೆಗಿನದು ನನಗೆ ಸ್ಪಷ್ಟವಾಗಿ ನೆನಪಿದೆ.

ಆಮೇಲೆ ನನಗೆ ಕಂಡದ್ದು ಕುರ್ಚಿ ಮಾತ್ರ. ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರ ಹಾಗೆ ಕಾಲು ಸೆಳೆಯತೊಡಗಿತು. ಹೊಟ್ಟೆಯಿಂದ ಒಂದು ಸಿಟ್ಟು ಎದ್ದಿತು. ನನಗೂ ಸಿಟ್ಟು ಬಂದದ್ದುಂಟು, ನಾನೂ ಸಂಸಾರ ಮಾಡಿದವಳು. ಇದು ಆ ಜಾತಿಯದಲ್ಲ. ಎಷ್ಟೋ ವರ್ಷ ದಿನಾ ಅವಮಾನ ನುಂಗಿದವರ ಸಿಟ್ಟು, ನನ್ನದಲ್ಲದ್ದು. ಅಷ್ಟಾದರೂ ಅದು ಬಂದಾಗ ನನಗೆ ಹಿತವಾಗಿತ್ತು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

"ಉಠ್, ಸುರೇಂದರ್," ಎಂದೆನಂತೆ. "ಕುರ್ಸೀ ಛೋಡ್." ಏಳೋ, ಕುರ್ಚಿ ಬಿಡೋ ಎಂದು, ಏಕವಚನದಲ್ಲಿ.

ಮೂವತ್ತು ವರ್ಷ ದೆಹಲಿಯಲ್ಲಿದ್ದು ತರಕಾರಿಯವನನ್ನೂ 'ಭಯ್ಯಾ, ಆಪ್' ಎಂದೇ ಮಾತಾಡಿಸಿದವಳು ನಾನು. ಮೇಘನಾ ತಮಾಷೆ ಎಂದುಕೊಂಡಳು. "ಅರೇ ದೊಡ್ಡಮ್ಮ, ಸುರೇಂದರ್ ಯಾರು?" ಎಂದು ನಕ್ಕಳು.

ಪಕ್ಕದ ಸ್ಟ್ಯಾಂಡಿನಲ್ಲಿ ದಿನಪತ್ರಿಕೆ ಸಿಕ್ಕಿಸಿಡುವ ಉದ್ದನೆಯ ಮರದ ಕೋಲುಗಳಿದ್ದವು, ತುದಿಗೆ ಹಿತ್ತಾಳೆಯ ತಿರುಪು. ಒಂದನ್ನು ಕಿತ್ತುಕೊಂಡು ಅವಳ ತಲೆಗೆ ಬೀಸಿದೆ. ಅವಳು ಬಲಗೈ ಅಡ್ಡ ತಂದಳು. ಎರಡನೇ ಪೆಟ್ಟಿಗೆ ಬೆರಳು ಮುರಿದ ಸದ್ದು ಕೇಳಿಸಿತಂತೆ. ಕುರ್ಚಿಯ ಸಮೇತ ಅವಳು ನೆಲಕ್ಕೆ ಬಿದ್ದಳು. ಬಿದ್ದವಳ ಮೇಲೂ ನಾನು ಹೊಡೆಯುತ್ತಲೇ ಇದ್ದೆ. ಶಿಲ್ಪಕಲೆಯ ವಿದ್ಯಾರ್ಥಿಯೊಬ್ಬ, ಹರಿಯಾಣದ ಕಟ್ಟುಮಸ್ತಾದ ಹುಡುಗ, ಹಿಂದಿನಿಂದ ನನ್ನನ್ನು ತಬ್ಬಿ ಹಿಡಿದ. ಅವನ ಮುಂಗೈ ಕಚ್ಚಿದೆ, ಬಾಯಿತುಂಬ ರಕ್ತ. ಅವನ ಜೊತೆಗೆ ಇನ್ನಿಬ್ಬರು ಸೇರಿ, ಅರವತ್ತೆರಡು ವರ್ಷದ, ಮಂಡಿನೋವಿನ ಹೆಂಗಸನ್ನು ಬಾಗಿಲವರೆಗೆ ಎಳೆದೊಯ್ಯಬೇಕಾಯಿತು.

ಆ ಚಿತ್ರ ಕಣ್ಣಿನಿಂದ ಮರೆಯಾದದ್ದೇ ಕೋಲು ಕೈಯಿಂದ ಜಾರಿತು. ತಿರುಗಿ ನೋಡಿ ನಾನು ಕೇಳಿದ ಮಾತು ನನಗೆ ಈಗಲೂ ನೆನಪಿದೆ.

"ಅಯ್ಯೋ, ಮಗೂನ ಯಾರು ಹೊಡೆದಿದ್ದು?"

ಹರಿಯಾಣದ ಹುಡುಗ ನೆಲದ ಮೇಲಿದ್ದ ಕೋಲನ್ನು ಕಾಲಿನಿಂದ ದೂರ ತಳ್ಳಿದ.

ಆಸ್ಪತ್ರೆಯ ಮೊಗಸಾಲೆಯಲ್ಲಿ ರಘುನಾಥ ನನ್ನ ಪಕ್ಕ ಕೂತ. ಅವನು ಕೂಗಾಡಿದ್ದರೆ ಒಳ್ಳೆಯದಿತ್ತು. "ಅಕ್ಕಾ, ಪೊಲೀಸಿಗೆ ಹೇಳಲ್ಲ. ಏನಾಯ್ತು ಅಂತ ನೀವೇ ಹೇಳಿ, ನಂಬ್ತೀನಿ," ಎಂದ.

ಶರ್ಮಾಜಿ ಮಾರನೆಯ ದಿನ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ. ಸುರೇಂದರ್ ಎಂಬ ಹೆಸರು ನನಗೆ ಹೇಗೆ ಗೊತ್ತು ಎಂಬುದೊಂದೇ ಅವರ ಪ್ರಶ್ನೆ. ನಾನು ರೋಹಿಣಿಗೆ ಬರುವ ಮೊದಲು ಆ ವಾಚನಾಲಯದಲ್ಲಿ ಅದೇ ಹೆಸರಿನ ಹುಡುಗನೊಬ್ಬನ ತಲೆಯನ್ನು ಇನ್ನೊಬ್ಬ ಓದುಗ ಪತ್ರಿಕೆಯ ಕೋಲಿನಿಂದ ಒಡೆದಿದ್ದನಂತೆ. ಜಗಳ ಕುರ್ಚಿಯದು. ಹೊಡೆದವನು ಪರೀಕ್ಷೆ ಬರೆದು ಬರೆದು ವಯಸ್ಸು ಮೀರಿದವನು. ಕೆಂಪು ಗಂಟಿನಲ್ಲಿದ್ದ ನೋಟ್‌ಬುಕ್ಕುಗಳು ಅವನವು. ಹುಡುಗ ಬದುಕಲಿಲ್ಲ.

ಹಾಳೆ ಹರಿಯುವಾಗ ಆ ಹೆಸರು ನನ್ನ ಕಣ್ಣಿಗೆ ಬಿದ್ದಿರಬಹುದು ಎಂದು ನಾನೇ ನನಗೆ ಎಷ್ಟು ಸಲ ಹೇಳಿಕೊಂಡಿದ್ದೇನೋ. ಇರಲೂಬಹುದು. ನೋಡಿ ಖಚಿತ ಮಾಡಿಕೊಳ್ಳೋಣವೆಂದರೆ ಆ ಹಾಳೆಗಳನ್ನು ನಾನೇ ನುಣ್ಣಗೆ ರುಬ್ಬಿದ್ದೆ. ಉಳಿದದ್ದು ಚಿತ್ರ. ಅದನ್ನು ವಿಮಲಾ ಹಲಗೆಯಿಂದ ಕಿತ್ತು ಮಹಡಿಯ ಮೇಲಿನ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿಟ್ಟಳು. ಎರಡು ದಿನಕ್ಕೆ ಕರಗಿ ಗಂಜಿಯಾಯಿತು. ನನ್ನ ತಲೆಯ ಸ್ಕ್ಯಾನು ಮಾಡಿಸಿದರು, ಏನೂ ಇಲ್ಲವೆಂದರು. ಬಿಸಿಲಿನ ಝಳ ಇರಬಹುದು ಎಂದು ಡಾಕ್ಟರು ಬರೆದುಕೊಟ್ಟರು. ಬಿಸಿಲಿಗೆ ಕೆಂಡದಂಥ ಸಿಟ್ಟು ಬರಬಹುದು. ಸತ್ತವನ ಹೆಸರು ಬರುತ್ತದೆಯೇ?

ಮೇಘನಾಳ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಅವಳಪ್ಪ ಆ ಚಿತ್ರವನ್ನು ನೋಡಲೇ ಇಲ್ಲ. ಆದರೆ ಪಟ್ಟಿ ಬಿಚ್ಚಿದ ದಿನ ಅವಳು ಚಿತ್ರ ಬರೆಯಲು ಎಡಗೈಯಲ್ಲಿ ಇದ್ದಿಲು ಹಿಡಿದಾಗ, ಹಾಳೆ ಜರುಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತವನು ಅವನೇ. ಬ್ಯಾಂಕಿನ ಮಾತು ಮತ್ತೆ ಬರಲಿಲ್ಲ.

ಕಳೆದ ತಿಂಗಳು ಅವಳು ನನ್ನ ಚಿತ್ರ ಬರೆಯಬೇಕೆಂದು ಹಟ ಹಿಡಿದಳು. ನಾಲ್ಕು ವರ್ಷದಿಂದ ನಾನು ಅವಳೊಬ್ಬಳೇ ಇರುವ ಕೋಣೆಗೆ ಕಾಲಿಟ್ಟಿರಲಿಲ್ಲ, ಅದು ಅವಳಿಗೂ ಗೊತ್ತು. ಬಾಗಿಲು ತೆರೆದಿರಲಿ, ಅಮ್ಮ ಅಡುಗೆಮನೆಯಲ್ಲಿರಲಿ ಎಂದು ಹೇಳಿ ಹೋದೆ. ಒಂದು ಗಂಟೆ ಅಲುಗಾಡದೆ ಕೂತೆ. ಅವಳು ಕತ್ತು ಓರೆ ಮಾಡಿ ನನ್ನ ಮಡಿಲನ್ನೇ ನೋಡಿದಳು.

"ದೊಡ್ಡಮ್ಮ, ಕೈ ಹೊರಗೆ ಇಡಿ. ಕೈ ಇಲ್ದೆ ಹೇಗೆ ಬರೀಲಿ?"

ಎರಡೂ ಕೈಗಳು ನನ್ನ ತೊಡೆಯ ಕೆಳಗಿದ್ದವು, ಜೋಮು ಹಿಡಿದಿತ್ತು. ನಾನು ಅವನ್ನು ಹೊರಗೆ ತೆಗೆಯಲಿಲ್ಲ.