ಯುದ್ಧ ಮುಗಿದ ಮೇಲಿನ ಮಾತು ಕೇಳುವ ಹುಸೇನಮ್ಮ

ನಿಜಾಮನ ಹಳೆಯ ರಾಜಧಾನಿಯ ಅಂಚಿನ ಮಾದಾಪುರದಲ್ಲಿ ಏಳುತ್ತಿರುವ ಈ ಕಂಪನಿ ಕಟ್ಟಡಕ್ಕೆ ಇನ್ನೂ ಗಾಜು ಕೂರಿಸಿಲ್ಲ. ಬೆಳಗಿನ ಮಬ್ಬಿನಲ್ಲಿ ಅದರ ಬುಡದ ತಗಡಿನ ಗುಡಿಸಲುಗಳ ಮುಂದೆ ನೀರಿನ ಟ್ಯಾಂಕರ್ ಬಂದು ನಿಂತಿದೆ. ಕೊಡ ಹಿಡಿದು ನುಗ್ಗುತ್ತಿರುವ ಹೆಂಗಸರನ್ನು ದಾಟಿ ಹುಸೇನಮ್ಮ ಕೊನೆಯ ಗುಡಿಸಲಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಾರೆ. ಎದುರಿಗೆ ಕಾಶಿನಾಥ, ಬೀದರ್ ಕಡೆಯ ಮುದುಕ. ತೊಡೆಯ ಮೇಲೆ ಮೊಮ್ಮಗಳು ನಿದ್ದೆ ಹೋಗಿದ್ದಾಳೆ.

“ಚಾ ಆತೇನ್ರಿ ಕಾಕಾ?”

“ಆತವ್ವ. ನೀ ಯಾವೂರಾಕಿ?”

“ರಾಯಚೂರ ಕಡೀದಾಕಿರಿ.”

ಮಳೆಯ ಮಾತು, ಸೊಸೆಯ ಕೆಮ್ಮಿನ ಮಾತು ಮುಗಿಯುವವರೆಗೆ ಹುಸೇನಮ್ಮ ಕಾಯುತ್ತಾರೆ. ಆಮೇಲೆ ಚೀಲದಿಂದ ಟೇಪ್ ರೆಕಾರ್ಡರ್ ತೆಗೆದು, ಹೆಸರು ಎಲ್ಲೂ ಬರುವುದಿಲ್ಲವೆಂದು ಮೊದಲು ತಿಳಿಸಿ, ಮೆಲ್ಲಗೆ ಕೇಳುತ್ತಾರೆ: “ರಜಾಕಾರರ ಗದ್ದಲದಾಗ ನೀವು ಎಲ್ಲಿದ್ರಿ?” ಮುದುಕ ಅಣ್ಣನ ಜೊತೆ ಕಣಜದಲ್ಲಿ ಅಡಗಿದ್ದನ್ನು ಹೇಳತೊಡಗುತ್ತಾರೆ. ಬಿಸಿಲೇರಿದರೆ ಮಗ, ಸೊಸೆ ಕೆಲಸಕ್ಕೆ ಹೋಗುತ್ತಾರೆ, ಕೂಸು ಎದ್ದು ಅಳುತ್ತದೆ. ಹಳೆಯ ಮಾತಿಗೆ ಇಲ್ಲಿ ಸಿಗುವುದು ಈ ಒಂದು ಹೊತ್ತು ಮಾತ್ರ.

ಹುಸೇನಮ್ಮ ಇತಿಹಾಸಕಾರರಿಗೆ ದುಭಾಷಿ; ಬೀದರ್, ರಾಯಚೂರು ಕಡೆಯ ಆಡುಮಾತನ್ನು ಅವರಿಗೆ ಬಿಡಿಸಿ ಹೇಳುವವರು. ಅವರನ್ನು ಈ ಕೆಲಸಕ್ಕೆ ಹಚ್ಚಿದ್ದು ತಾರ್ನಾಕದಲ್ಲಿರುವ ಇತಿಹಾಸದ ಅಧ್ಯಾಪಕಿ ನಳಿನಿ. ೧೯೪೮ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದು, ರಜಾಕಾರರೆಂಬ ಖಾಸಗಿ ಪಡೆಯ ಬೆಂಬಲವಿದ್ದ ನಿಜಾಮನ ಆಳ್ವಿಕೆ ಕೊನೆಗೊಂಡ ಬಗೆಯನ್ನು ನಳಿನಿ ಬರೆಯುತ್ತಿದ್ದಾರೆ. “ನಾನು ಓದಿ ಬೆಳೆದ ಪುಸ್ತಕಗಳಲ್ಲಿ ಸೇನೆ ಯಾವ ರಸ್ತೆಯಲ್ಲಿ ಬಂತು, ಯಾವ ಹೊಳೆ ದಾಟಿತು ಅನ್ನೋದೆಲ್ಲ ಇತ್ತು. ಶರಣಾಗತಿ ಆಯ್ತು ಅನ್ನೋ ಕಡೆ ಅಧ್ಯಾಯ ಮುಗಿದುಹೋಗೋದು” ಎನ್ನುತ್ತಾರೆ ಅವರು. “ಹಳ್ಳಿಯಲ್ಲಿ ಅದು ಊರಿನವರೇ ಊರಿನವರ ಮೇಲೆ ಬಿದ್ದ ಯುದ್ಧ. ಸೇನೆ ಮುಂದೆ ಹೋದಮೇಲೂ ನಿಲ್ಲಲಿಲ್ಲ. ನನಗೆ ಬೇಕಾದ್ದು ಆ ಮುಂದಿನ ವಾರಗಳು.”

ಆ ವಾರಗಳನ್ನು ಕಂಡವರು ಈಗ ಈ ಕಂಪನಿ ಕಟ್ಟಡಗಳ ಬುಡದಲ್ಲಿದ್ದಾರೆ. ಬೀದರ್, ಕಲಬುರಗಿ ಕಡೆಯಿಂದ ಮಕ್ಕಳು ಇಟ್ಟಿಗೆ ಹೊರಲು ಬಂದಾಗ ಕೂಸು ನೋಡಿಕೊಳ್ಳಲೆಂದು ಜೊತೆಗೆ ಬಂದ ಮುದುಕ, ಮುದುಕಿಯರು ಅವರು.

ಹುಸೇನಮ್ಮ ಕೂಡ ವರ್ಷಗಟ್ಟಲೆ ಸಿಮೆಂಟಿನ ಬುಟ್ಟಿ ಹೊತ್ತವರೇ. ಗಂಡ ಬೂದೆಪ್ಪ ಬೇಗಂಪೇಟೆಯ ಒಂದು ಕಟ್ಟಡದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಆ ಕೆಲಸ ಬಿಟ್ಟು ತಾರ್ನಾಕದ ಮನೆಗಳಲ್ಲಿ ಪಾತ್ರೆ ತೊಳೆಯತೊಡಗಿದರು. ಒಂದು ದಿನ ನಳಿನಿಯವರ ಮನೆಯ ಟೇಪಿನಲ್ಲಿ ತನ್ನ ಸೀಮೆಯ ಮಾತು ಕೇಳಿ ಅವರ ಕೈ ನಿಂತಿತು. “ಯಾರ್ರಿ ಈಕಿ? ಯಾಕ ಅಳಾಕತ್ತಾಳ?” ಎಂದು ಕೇಳಿದ್ದೇ ಈ ಕೆಲಸಕ್ಕೆ ಶುರು.

ಹುಸೇನಮ್ಮ ಎಂಬುದು ಮೊಹರಮ್ಮಿನಲ್ಲಿ ಹುಟ್ಟಿದ್ದಕ್ಕೆ ಹಿಂದೂ ಮನೆಯಲ್ಲಿ ಇಟ್ಟ ಹೆಸರು. “ಹಿಂದೂ ಮನ್ಯಾಗೂ ಒಳಗ ಕರೀತಾರ, ಸಾಬರ ಮನ್ಯಾಗೂ ಕರೀತಾರ. ಎರಡೂ ಕಡೆ ಹೆಣ್ಣಮಕ್ಕಳು ಅಳೋದು ಒಂದ ನಮೂನಿ ಐತ್ರಿ” ಎನ್ನುತ್ತಾರೆ. ಇಂಥ ಕಥೆ ಕೇಳಿದ ದಿನ ಊಟ ಸೇರುವುದಿಲ್ಲವಂತೆ. “ಇಂಥಾ ಮಾತು ಮನಿಗಿ ತರಬ್ಯಾಡ” ಎಂದು ಬೂದೆಪ್ಪ ಬೈದದ್ದೂ ಉಂಟು.

ಬಂಡೆಮ್ಮನ ಮಾತನ್ನು ಮಾತ್ರ ಅವರಿಗೆ ಮನೆಗೆ ತರದೆ ಇರಲಾಗಲಿಲ್ಲ.

ಹೋದ ವರ್ಷದ ಮಾತು. ಬಂಡೆಮ್ಮ ಇನ್ನೊಂದು ಕಟ್ಟಡದ ಹತ್ತಿರ ಮರಿಮೊಮ್ಮಗನನ್ನು ತೂಗುತ್ತಿದ್ದ ಮುದುಕಿ. ನಳಿನಿಯವರೂ ಜೊತೆಗಿದ್ದರು. “ಲಡಾಯಿ ಮುಗೀತು, ಮನಿಗಿ ಬರ್ರಿ ಅಂತ ಡಂಗುರ ಹೊಡದ್ರವ್ವ” ಎಂದು ಮುದುಕಿ ಶುರುಮಾಡಿತು. “ಜ್ವಾಳದ ಹೊಲದಾಗ ಅಡಗಿದ್ದ ನಮ್ಮ ಮನಿಯವರು ಎದ್ದು ಬಂದ್ರು. ಊರ ಅಗಸಿ ಬಾಗಲಿಗೆ ಬರೋದ್ರಾಗ ಬಂದೂಕ ಹಾರಿತು. ಆ ಮಂದಿ ಹೊಡದ್ರು ಅಂತಾರ, ಈ ಮಂದಿ ಹೊಡದ್ರು ಅಂತಾರ. ಅವರು ಬಿದ್ದದ್ದಷ್ಟ ನಾ ಕಂಡೀನಿ.”

ಗಂಡನ ಹೆಸರು ಬೇಕೆಂದು ನಳಿನಿ ಕೇಳಿದರು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಿತು. ಗಂಡ ಬದುಕಿದ್ದಾಗಲೂ, ಸತ್ತ ಮೇಲೂ ಆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ.

“ಪುಸ್ತಕದಾಗ ಬರ್ತೈತಿ ಆಯಿ. ಹೇಳು” ಎಂದರು ಹುಸೇನಮ್ಮ.

ಮುದುಕಿ ಸುತ್ತ ನೋಡಿ, ಕೂಸಿನ ಕಡೆ ಬಾಗಿ, ಹೆಸರು ಹೇಳಿತು. ಹೇಳಿ, ಮತ್ತೆ ಕೂಸನ್ನು ತೂಗತೊಡಗಿತು.

ಪುಸ್ತಕದ ಮೊದಲ ಭಾಗದ ಕರಡು ಅಚ್ಚು ಬಂದಾಗ ಅದರಲ್ಲಿದ್ದದ್ದು “ಒಬ್ಬ ರೈತ” ಎಂದಷ್ಟೇ. ಎಲ್ಲರ ಹೆಸರೂ ತೆಗೆದಿತ್ತು. ಅಷ್ಟರಲ್ಲಿ ನಳಿನಿ ಆ ಊರಿಗೆ ಹೋಗಿಬಂದಿದ್ದರು. “ಕೊಂದರು ಅನ್ನೋ ಆಪಾದನೆ ಹೊತ್ತವರ ಮೊಮ್ಮಕ್ಕಳೂ, ಸತ್ತವರ ಮನೆಯವರೂ ಎದುರುಬದುರು ಇದ್ದಾರೆ ಹುಸೇನಮ್ಮ. ಹೆಸರು ಹಾಕಿದರೆ ನಾಳೆ ಅಲ್ಲಿ ಏನಾದ್ರೂ ಆದರೆ?” ಎಂದರು. ಹುಸೇನಮ್ಮನಿಗೂ ಅದು ಸರಿಯೆನಿಸಿತು. “ಆದ್ರ ಆಯಿಗೆ ಯಾರು ಹೇಳ್ತಾರ್ರಿ, ಮೇಡಂ?” ಎಂದು ಕೇಳಿದರು. ನಳಿನಿ ತಾವೂ ಬರುತ್ತೇನೆಂದರು. ಹುಸೇನಮ್ಮ ಬೇಡವೆಂದು ಒಬ್ಬರೇ ಹೋದರು. ಮಾತು ಕೊಟ್ಟದ್ದು ತನ್ನ ಬಾಯಿ ಎಂಬುದು ಅವರ ಲೆಕ್ಕ.

ಪುಸ್ತಕದಾಗ ಹೆಸರು ಐತಿ ಅಂದುಬಿಟ್ಟರೆ ಮುಗಿಯುತ್ತಿತ್ತು. ಬಂಡೆಮ್ಮನಿಗೆ ಓದು ಬರುವುದಿಲ್ಲ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಹುಸೇನಮ್ಮ ಅದನ್ನೇ ಯೋಚಿಸಿದರು. ಮುದುಕಿಯ ಮುಂದೆ ಕೂತಾಗ ಸುಳ್ಳು ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು.

“ಹಂಗಾರ ನನ್ನ ಬಾಯಿಲೆ ಯಾಕ ಹೇಳಿಸಿದಿ?”

ಬಂಡೆಮ್ಮ ಕೇಳಿದ್ದು ಅಷ್ಟೇ. ಗೋಡೆಯ ಕಡೆ ಹೊರಳಿ ಮಲಗಿತು. ಹುಸೇನಮ್ಮ ಅಲ್ಲೇ ಕೂತಿದ್ದರು. ಮುದುಕಿಯ ಸೊಸೆ ಬಂದು “ಏಳವ್ವ, ಆಕಿ ಮಾತಾಡಂಗಿಲ್ಲ” ಎನ್ನುವವರೆಗೆ. ಮತ್ತೊಮ್ಮೆ ಹೋದಾಗ ಕಟ್ಟಡ ಮುಗಿದಿತ್ತು, ಗುಡಿಸಲುಗಳು ಎದ್ದುಹೋಗಿದ್ದವು. ಪುಣೆಗೆ ಹೋದರು ಎಂದು ಕಾವಲುಗಾರ, ಶಹಾಬಾದಿಗೆ ಎಂದು ಚಹಾದಂಗಡಿಯವನು.

ಅಂದಿನಿಂದ ಹುಸೇನಮ್ಮ ಟೇಪಿನ ಗುಂಡಿ ಒತ್ತುವ ಮೊದಲು ಎಲ್ಲರಿಗೂ ಹೇಳುತ್ತಾರೆ: “ನಿಮ್ಮ ಹೆಸರು ಬರಂಗಿಲ್ಲ, ನಿಮ್ಮವರ ಹೆಸರೂ ಬರಂಗಿಲ್ಲ. ಆದ್ರೂ ಹೇಳ್ತೀರೇನು?” ಕೆಲವರು ಎದ್ದು ಹೋಗುತ್ತಾರೆ. ಹಾಗೆ ಹೋದವರ ಕಥೆ ಯಾವ ಪುಸ್ತಕಕ್ಕೂ ಸೇರುವುದಿಲ್ಲ. ನಳಿನಿ ಆಕ್ಷೇಪಿಸಿಲ್ಲ. ಗಂಡನ ಹೆಸರು ಹೇಳಿದ ಬಂಡೆಮ್ಮನ ದನಿಯ ಒಂದು ಪ್ರತಿಯನ್ನು ಬೇರೆ ಕ್ಯಾಸೆಟ್ಟಿಗೆ ಇಳಿಸಿ ಅವರೇ ಹುಸೇನಮ್ಮನಿಗೆ ಕೊಟ್ಟಿದ್ದಾರೆ.

ಆ ಕ್ಯಾಸೆಟ್ಟನ್ನು ಮುದುಕಿಯ ಕೈಗೆ ಒಪ್ಪಿಸಬೇಕು ಎಂಬುದೊಂದೇ ಹುಸೇನಮ್ಮನ ಆಸೆ. ಹೊಸದಾಗಿ ಎಲ್ಲಿ ಪಾಯ ಅಗೆದರೂ, ಬೀದರ್ ಕಡೆಯ ಮಂದಿ ಬಂದಿದ್ದಾರೆಂದು ತಿಳಿದರೆ ಅಲ್ಲಿಗೆ ಹೋಗಿ ವಿಚಾರಿಸುತ್ತಾರೆ. ಈವರೆಗೆ ಯಾರೂ ಬಂಡೆಮ್ಮನನ್ನು ಕಂಡಿಲ್ಲ.

“ಆಯಿಗೆ ಭಾಳ ವಯಸ್ಸಾಗಿತ್ತರಿ. ಜೀವಂತ ಐತೋ ಇಲ್ಲೋ” ಎನ್ನುತ್ತಾ ಅವರು ಚೀಲ ಹೆಗಲಿಗೇರಿಸುತ್ತಾರೆ. “ನಾ ಅಂತೂ ಕೇಳೋದು ಬಿಟ್ಟಿಲ್ಲ.”